ಇಟ್ಟಿಗೆ ಗೂಡಿನ ಹೊಗೆ, ರೇಷ್ಮೆ ಗೂಡಿನ ತೂಕ: ಮಂಡ್ಯ ಕಡೆಯವರು ಸ್ವಲ್ಪ ನೋಡಿ ಹೇಳಿ

ಕಡ್ಡಿಸೊಪ್ಪು (ಮದ್ದೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಎಲ್ಲ ವಿ-1 ತಳಿ. ಹುಳು ಸಾಕಲು ಶುರು ಮಾಡಿ ಹನ್ನೊಂದು ವರ್ಷ. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ಒಂದು ಮೊಟ್ಟೆ ಲೆಕ್ಕ) 70 ಕೆಜಿ ಗೂಡು ಬಂದರೆ ನಮ್ಮ ಮನೆಯಲ್ಲಿ ಯಾರೂ ಏನೂ ಮಾತಾಡುವುದಿಲ್ಲ, ಅದು ಮಾಮೂಲಿ. ಕಳೆದ ಮೂರು ಬೆಳೆ 58, 51, 45. ಗೂಡು ಕೈಗೆ ಹಗುರ. ಮಾರ್ಕೆಟ್ಟಿನಲ್ಲಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿದವರು ಸುಮ್ಮನೆ ಮುಂದಿನ ಲಾಟಿಗೆ ಹೋಗುತ್ತಾರೆ.

ಸಪ್ಪೆ ರೋಗ ಅಲ್ಲ, ಹಾಲು ರೋಗವೂ ಅಲ್ಲ. ಎರಡನೇ ಜ್ವರ ಎದ್ದ (ಅಂದರೆ ಎರಡು ಸಲ ಪೊರೆ ಬಿಟ್ಟ) ಹುಳುವನ್ನು ಚಾಕಿ ಕೇಂದ್ರದಿಂದ, ಅಂದರೆ ಮರಿಹುಳು ಸಾಕಿ ಕೊಡುವ ಕಡೆಯಿಂದ, ತರುತ್ತೇನೆ. ಅದೇ ದಿನ, ಅದೇ ಚಾಕಿ ತಂದ ನಮ್ಮ ಮಾವನಿಗೆ ಪಕ್ಕದ ಊರಿನಲ್ಲಿ ಬೆಳೆ ಚೆನ್ನಾಗಿಯೇ ಆಗಿದೆ. ನನ್ನಲ್ಲಿ ಮಾತ್ರ ಒಂದೇ ಹಾಸಿಗೆಯಲ್ಲಿ ಒಂದು ದಪ್ಪ, ಒಂದು ಪೀಚು. ಹಾಕಿದ ಸೊಪ್ಪು ಅರ್ಧ ಹಾಗೇ ಉಳಿಯುತ್ತೆ.

ನನಗೆ ಎರಡು ಅನುಮಾನ. ಒಂದು, ತೋಟದ ಪಕ್ಕದ ಮಣ್ಣು ರಸ್ತೆ. ದಿನಾ ಜಲ್ಲಿ ಟಿಪ್ಪರ್ ಓಡಾಡುತ್ತೆ, ಸೊಪ್ಪು ಮುಟ್ಟಿದರೆ ಕೈ ಬೆಳ್ಳಗಾಗುತ್ತೆ. ಇನ್ನೊಂದು, ಡಿಸೆಂಬರಿನಲ್ಲಿ ತೋಟದ ಮೂಡಲಿಗೆ ಸುಮಾರು ಅರ್ಧ ಮೈಲಿ ದೂರದಲ್ಲಿ ಶುರುವಾದ ಇಟ್ಟಿಗೆ ಗೂಡು. ಬೆಳಗಿನ ಜಾವ ಹೊಗೆ ನೆಲಕ್ಕೆ ಅಂಟಿಕೊಂಡು ಬರುತ್ತೆ.

ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿದ್ದವರು ಕೇಳಿದ್ದು: "ಊರಲ್ಲಿ ಯಾರಿಗಾದರೂ ಕೆಮ್ಮು, ದಮ್ಮು ಬಂದಿದೆಯಾ?" ಇಲ್ಲ ಸಾರ್, ಹುಳಕ್ಕೆ ತೊಂದರೆ ಅಂದೆ. "ಹುಳಕ್ಕೆ ಅಂತ ಇದರಲ್ಲಿ ಕಾಲಂ ಇಲ್ಲ" ಅಂದರು. ವಾಪಸ್ ಬಂದೆ.

ಹೊಗೆಗೆ, ಧೂಳಿಗೆ ಹುಳು ಹೀಗಾಗುತ್ತಾ? ಗೊತ್ತಿರುವವರು ಹೇಳಿ.

ಸುಮ್ನೆ ಓದ್ತೀನಿ

ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಮ್ಮಜ್ಜಿ ಅವರೆ ಗಿಡಕ್ಕೆ ಹೇನು ಬಂದರೆ ಒಲೆ ಬೂದಿ ತಂದು ಎರಚುತ್ತಿದ್ದರು. ಗಿಡ ಸಾಯಲಿಲ್ಲ, ಹೇನು ಸತ್ತಿತು. ಧೂಳು ಬಿದ್ದ ಮಾತ್ರಕ್ಕೆ ಬೆಳೆ ಹೋಗುವುದಾದರೆ ಮಂಡ್ಯದಲ್ಲಿ ರಸ್ತೆ ಪಕ್ಕ ಒಂದು ಬೆಳೆಯೂ ಇರಬಾರದಿತ್ತು, ಅಲ್ವಾ? ಮೊದಲು ಸೊಪ್ಪಿಗೆ ಹೊಡೆದ ಔಷಧಿ ನೋಡಿಕೊಳ್ಳಿ.

ಕುಕ್ಕರಹಳ್ಳಿ ವಾಕಿಂಗ್ (ಮೈಸೂರು)

ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು, ಸುಮ್ಮನಿರಲು ಆಗುವುದಿಲ್ಲ. ಅಜ್ಜಿಯ ಬೂದಿ ಬೇರೆ, ಟಿಪ್ಪರ್ ಧೂಳು ಬೇರೆ. ಅಜ್ಜಿ ಎರಚಿದ್ದು ಒಂದು ಹಿಡಿ, ನಾಲ್ಕು ದಿನಕ್ಕೆ ಉದುರಿ ಹೋಗುತ್ತಿತ್ತು. ಇಲ್ಲಿ ದಿನಾ ಬೀಳುತ್ತಿದೆ.

ಎಲೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತೀವಿ. ಗಿಡ ಉಸಿರಾಡುವುದು, ನೀರು ಬಿಡುವುದು, ಗಾಳಿಯಿಂದ ಊಟ ತೆಗೆದುಕೊಳ್ಳುವುದು ಎಲ್ಲ ಅಲ್ಲಿಂದಲೇ. ಧೂಳು ಅದನ್ನು ಮುಚ್ಚುತ್ತೆ. ಮೇಲ್ಭಾಗಕ್ಕೆ ಬಿದ್ದ ಧೂಳು ಬಿಸಿಲನ್ನು ತಡೆಯುತ್ತೆ, ಎಲೆಯನ್ನು ಬಿಸಿಯೂ ಮಾಡುತ್ತೆ. ಎಲೆ ಹಸಿರಾಗೇ ಕಾಣುತ್ತೆ, ಒಳಗೆ ಸತ್ವ ಕಡಿಮೆ.

ಇನ್ನೊಂದು ವಿಷಯ. ಧೂಳು ಬಿದ್ದ ಗಿಡದಲ್ಲಿ ನುಸಿ ಜಾಸ್ತಿ. ನುಸಿ ತಿನ್ನುವ ಸಣ್ಣ ಸಣ್ಣ ಹುಳುಗಳಿಗೆ ಧೂಳಿನಲ್ಲಿ ಬೇಟೆ ಆಡಲು ಆಗುವುದಿಲ್ಲ, ನುಸಿಗೆ ಹಬ್ಬ. ರಸ್ತೆ ಅಂಚಿನ ಸಾಲು, ಒಳಗಿನ ಸಾಲು ಎರಡರ ಎಲೆ ತಿರುವಿ ನೋಡಿ.

ಮೂಡಗಾಳಿ (ಪಾಂಡವಪುರ)

ನಾನು ಓದಿದವನಲ್ಲ, ಗದ್ದೆ ಮಾಡುವವನು. ಒಂದೇ ಪ್ರಶ್ನೆ. ಬೆಳೆ ಹಾಳಾಗಿದ್ದು ಯಾವ್ಯಾವ ತಿಂಗಳು? ಅದಕ್ಕೆ ಮುಂಚೆ ಮಳೆಗಾಲದಲ್ಲಿ ಹೆಂಗಿತ್ತು?

ಕಡ್ಡಿಸೊಪ್ಪು

ಜನವರಿ 58, ಫೆಬ್ರವರಿ ಕೊನೆ 51, ಈಗ ಏಪ್ರಿಲ್ 45. ಹಿಂದಿನ ಜುಲೈನಲ್ಲಿ 72 ಬಂದಿತ್ತು.

ಮೂಡಗಾಳಿ

ಹಂಗಾದ್ರೆ ನೋಡಪ್ಪ. ಟಿಪ್ಪರ್ ವರ್ಷವೆಲ್ಲ ಓಡುತ್ತೆ. ಇಟ್ಟಿಗೆ ಗೂಡು ಮಳೆ ಇಲ್ಲದ ತಿಂಗಳಿಗೆ ಮಾತ್ರ. ಚಳಿ ಶುರುವಾದರೆ ಗಾಳಿ ಮೂಡಲಿಂದ ಪಡುವಲಿಗೆ, ಮುಂಗಾರಿನಲ್ಲಿ ಪಡುವಲಿಂದ ಮೂಡಲಿಗೆ. ಇಟ್ಟಿಗೆ ಗೂಡು ತೋಟದ ಮೂಡಲಿಗೆ ಅಂತ ನೀನೇ ಬರೆದಿದ್ದೀಯ. ಮಳೆಯಲ್ಲಿ ಧೂಳು ತೊಳೆದು ಹೋಗುತ್ತೆ ಅನ್ನುವುದೂ ಇದೆ, ಒಪ್ಪುತ್ತೀನಿ. ಆದರೂ ನನ್ನ ಬೆರಳು ಹೊಗೆ ಕಡೆಗೇ.

ಹುಳುಮನೆ ಅಕ್ಕ (ಮಳವಳ್ಳಿ)

ಮೂಡಗಾಳಿಯವರು ಸರಿಯಾದ ಎಳೆ ಹಿಡಿದಿದ್ದಾರೆ. ನಾನು ರೇಷ್ಮೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವಳು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಟ್ಟಿಗೆ ಮಣ್ಣಿನಲ್ಲಿ ಫ್ಲೋರೈಡ್ ಇರುತ್ತೆ. ಮಣ್ಣನ್ನು ಸುಡುವಾಗ ಅದು ಹೈಡ್ರೋಜನ್ ಫ್ಲೋರೈಡ್ ಎನ್ನುವ ಅನಿಲವಾಗಿ ಹೊರಗೆ ಬರುತ್ತೆ. ಹೊಗೆ ಕಪ್ಪಗಿದೆಯೋ ಬೆಳ್ಳಗಿದೆಯೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಕಾಣುವುದೇ ಇಲ್ಲ. ಮೇಡಂ ಹೇಳಿದ ಆ ಸಣ್ಣ ಬಾಯಿಗಳಿಂದ ಎಲೆಯೊಳಗೆ ಹೋಗುತ್ತೆ, ನೀರಿನ ಜೊತೆ ಹರಿದು ಎಲೆಯ ತುದಿ ಮತ್ತು ಅಂಚಿನಲ್ಲಿ ಕೂಡಿಕೊಳ್ಳುತ್ತೆ. ದಿನ ಕಳೆದಷ್ಟೂ ಜಾಸ್ತಿಯಾಗುತ್ತೆ. ಅದಕ್ಕೇ ಬಲಿತ ಎಲೆಯಲ್ಲಿ ಹೆಚ್ಚು, ಕುಡಿಯಲ್ಲಿ ಕಡಿಮೆ.

ಗಿಡಕ್ಕೆ ಅಷ್ಟು ತೊಂದರೆ ಕಾಣಿಸದಿದ್ದರೂ ಹುಳು ತಡೆದುಕೊಳ್ಳುವುದಿಲ್ಲ. ಎಲೆಯ ಒಣ ತೂಕದಲ್ಲಿ ಕೆಜಿಗೆ ಸುಮಾರು 30 ಮಿಲಿಗ್ರಾಂ ದಾಟಿದರೆ ಹುಳು ಮೇಯುವುದು ಕಡಿಮೆ ಮಾಡುತ್ತೆ, ಬೆಳವಣಿಗೆ ಏರುಪೇರು, ಗೂಡು ತೆಳ್ಳಗೆ. ಔಷಧಿ ವಿಷವಾದರೆ ಹುಳು ಒದ್ದಾಡಿ, ಕಕ್ಕಿ, ಒಂದೇ ದಿನದಲ್ಲಿ ರಾಶಿ ಸಾಯುತ್ತೆ. ನಿಮ್ಮದು ಹಾಗಿಲ್ಲ, ನಿಧಾನಕ್ಕೆ ಕುಗ್ಗುತ್ತಿದೆ. ಚೀನಾದ ಝೆಜಿಯಾಂಗ್ ಪ್ರಾಂತ್ಯ ರೇಷ್ಮೆಗೆ ನಮ್ಮ ಮೈಸೂರು ಇದ್ದ ಹಾಗೆ. 1980ರ ದಶಕದಲ್ಲಿ ಅಲ್ಲಿ ಹಳ್ಳಿಹಳ್ಳಿಗೂ ಇಟ್ಟಿಗೆ ಗೂಡು ಎದ್ದವು, ಹುಳು ಬೆಳೆ ನೆಲ ಕಚ್ಚಿತು. ಕಾರಣ ಇದೇ ಫ್ಲೋರೈಡ್. ಇಟ್ಟಿಗೆ ಗೂಡು ರೇಷ್ಮೆ ಗೂಡನ್ನು ತಿಂದಿತು ಅನ್ನಬೇಕು, ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ನೋಡಿ.

ಅದೇ ಚಾಕಿ ತಂದ ಮಾವನಿಗೆ ಬೆಳೆ ಚೆನ್ನಾಗಿ ಆಗಿದೆ ಅಂದಿರಿ. ಅದೂ ಹೊಂದುತ್ತೆ. ಎರಡನೇ ಜ್ವರದವರೆಗೆ ಅವು ತಿಂದಿದ್ದು ಚಾಕಿ ಕೇಂದ್ರದ ಸೊಪ್ಪು, ನಿಮ್ಮದಲ್ಲ.

ಆದರೂ ನಾನು ಹೇಳಿದೆ ಅಂತ ನಂಬಬೇಡಿ. ಮುಂದಿನ ಬೆಳೆಯಲ್ಲಿ ಹುಳುವನ್ನು ಮೂರು ಪಾಲು ಮಾಡಿ. ಒಂದಕ್ಕೆ ನಿಮ್ಮ ಸೊಪ್ಪು ಹಾಗೇ. ಇನ್ನೊಂದಕ್ಕೆ ನಿಮ್ಮದನ್ನೇ ತೊಳೆದು, ನೆರಳಲ್ಲಿ ನೀರು ಆರಿಸಿ. ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗ ತಂದುಕೊಳ್ಳುತ್ತೀರಿ, ಜೋಕೆ. ಮೂರನೆಯದಕ್ಕೆ ಮಾವನ ತೋಟದ ಸೊಪ್ಪು. ತೊಳೆದರೆ ಧೂಳು ಹೋಗುತ್ತೆ, ಒಳಗೆ ಸೇರಿದ ಫ್ಲೋರೈಡ್ ಹೋಗುವುದಿಲ್ಲ. ಮೂರೂ ಪಾಲಿನ ಗೂಡು ಬೇರೆ ಬೇರೆ ತೂಕ ಮಾಡಿ.

ಸುಮ್ನೆ ಓದ್ತೀನಿ

ಇದು ಸರಿಯಾದ ಮಾತು. ತೂಕ ಮಾಡಿದ ಮೇಲೆ ನಾನೂ ಒಪ್ಪುತ್ತೇನೆ.

ರಸಪುರಿ (ಶ್ರೀರಂಗಪಟ್ಟಣ)

ಅಕ್ಕ ಹೇಳಿದ್ದು ಓದಿ ನೆನಪಾಯಿತು. ಉತ್ತರ ಪ್ರದೇಶ, ಬಿಹಾರದ ಮಾವಿನವರಿಗೆ ಇದು ಹಳೇ ಕಥೆ. ಗೂಡಿನ ಹೊಗೆ ಬಂದರೆ ಕಾಯಿಯ ತುದಿ ಕಪ್ಪಾಗುತ್ತೆ, ಕಪ್ಪು ತುದಿ ರೋಗ ಅಂತಲೇ ಹೆಸರು. ರೋಗ ಅಂದರೂ ಅದರಲ್ಲಿ ರೋಗಾಣು ಯಾವುದೂ ಇಲ್ಲ, ಹೊಗೆಯೇ ರೋಗ. ಈಚುಕಾಯಿ ಹೊತ್ತಿನಿಂದ ಬೋರಾಕ್ಸ್ ನೀರು ಹೊಡೆಯುತ್ತಾರೆ. ಗೂಡನ್ನು ದೂರ ಇಡಿ ಅನ್ನುವುದೂ ಹಳೇ ಸಲಹೆ: ಮೂಡಲು-ಪಡುವಲಿಗೆ 1.6 ಕಿ.ಮೀ., ಬಡಗಲು-ತೆಂಕಲಿಗೆ 0.8 ಕಿ.ಮೀ. ಅಲ್ಲೂ ಗಾಳಿಯದೇ ಲೆಕ್ಕ, ಮೂಡಗಾಳಿಯವರು ಹೇಳಿದ ಹಾಗೆ.

ಇನ್ನು ಕಾನೂನು. ಕೇಂದ್ರ ಪರಿಸರ ಸಚಿವಾಲಯದ 2022ರ ಇಟ್ಟಿಗೆ ಗೂಡು ನಿಯಮದಲ್ಲಿ ಜನವಸತಿ ಮತ್ತು ಹಣ್ಣಿನ ತೋಟದಿಂದ 800 ಮೀಟರ್ ದೂರ ಇರಬೇಕು ಅಂತ ಇದೆ. ಅರ್ಧ ಮೈಲಿ ಅಂದರೆ ಸುಮಾರು ಅಷ್ಟೇ. ಟೇಪ್ ಹಿಡಿದು ಅಳೆಯಿರಿ.

ಕಡ್ಡಿಸೊಪ್ಪು

ಹಿಪ್ಪುನೇರಳೆ ಹಣ್ಣಿನ ತೋಟ ಆಗುತ್ತಾ ಸಾರ್?

ರಸಪುರಿ

ಹಣ್ಣು ಬಿಡುತ್ತಲ್ಲ! ಮಕ್ಕಳು ತಿಂದು ನಾಲಿಗೆ ನೀಲಿ ಮಾಡಿಕೊಳ್ಳುತ್ತವೆ. ಕಚೇರಿಯವರು ಒಪ್ಪಬೇಕಷ್ಟೆ.

ಕುಕ್ಕರಹಳ್ಳಿ ವಾಕಿಂಗ್

ಆ "ಕಾಲಂ ಇಲ್ಲ" ಅನ್ನುವ ಮಾತು ನನ್ನ ತಲೆಯಲ್ಲೇ ಕೂತಿದೆ. ಅರ್ಧ ನಿಜ, ಅರ್ಧ ಸುಳ್ಳು. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ ಎರಡು ಕಾಲಂ ಇವೆ. ಒಂದು ಜನ ಇರುವ, ಕೈಗಾರಿಕೆ ಇರುವ ಪ್ರದೇಶಕ್ಕೆ, ಇನ್ನೊಂದು ಪರಿಸರ ಸೂಕ್ಷ್ಮ ಪ್ರದೇಶಕ್ಕೆ. ಸಲ್ಫರ್ ಡೈಆಕ್ಸೈಡ್ ವರ್ಷದ ಸರಾಸರಿ ಊರಿನಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಇರಬಹುದು, ಸೂಕ್ಷ್ಮ ಪ್ರದೇಶದಲ್ಲಿ 20 ಮಾತ್ರ. ನೈಟ್ರೋಜನ್ ಡೈಆಕ್ಸೈಡ್ 40 ಮತ್ತು 30. ಅಂದರೆ ಗಿಡಮರ ನಮಗಿಂತ ನಾಜೂಕು ಅಂತ ಸರ್ಕಾರಕ್ಕೂ ಗೊತ್ತಿದೆ. ಆದರೆ ಪಟ್ಟಿಯಲ್ಲಿರುವ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಫ್ಲೋರೈಡ್ ಇಲ್ಲ. ಮದ್ದೂರಿನ ಹಿಪ್ಪುನೇರಳೆ ತೋಟ ಪರಿಸರ ಸೂಕ್ಷ್ಮ ಪ್ರದೇಶವೂ ಅಲ್ಲ.

ಯಂತ್ರ ಇಲ್ಲದ ಕಾಲಕ್ಕೆ ನಾವು ಮಕ್ಕಳಿಗೆ ಕಲ್ಲುಹೂ ನೋಡಲು ಹೇಳುತ್ತಿದ್ದೆವು. ಮಸಾಲೆಗೆ ಹಾಕುತ್ತೇವಲ್ಲ, ಅದೇ ಜಾತಿಯದು. ಬೇರಿಲ್ಲ, ಎಲ್ಲವನ್ನೂ ಗಾಳಿ ಮಳೆಯಿಂದಲೇ ಹೀರಬೇಕು. ಗಾಳಿ ಕೆಟ್ಟರೆ ಮೊದಲು ಹೋಗುವುದು ಅದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲ ಹೊಗೆಗೆ ಮರದ ಮೇಲಿನ ಕಲ್ಲುಹೂ ಎಲ್ಲ ಸತ್ತು, ಮಸಿಗೆ ತೊಗಟೆ ಕಪ್ಪಾಯಿತು. ಅಲ್ಲಿ ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಒಂದು ಪತಂಗ ಇತ್ತು. ಕಪ್ಪು ಮರದ ಮೇಲೆ ಕೂತರೆ ಹಕ್ಕಿಗೆ ಎದ್ದು ಕಾಣುತ್ತಿತ್ತು. 1848ರಲ್ಲಿ ಮೊದಲ ಕಪ್ಪು ಪತಂಗ ಸಿಕ್ಕಿತು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪಗಿದ್ದವು. 1956ರಲ್ಲಿ ಹೊಗೆಗೆ ಕಾನೂನು ಬಂದ ಮೇಲೆ ನಿಧಾನಕ್ಕೆ ಮತ್ತೆ ಬಿಳಿಯವು ಹೆಚ್ಚಿದವು. ಪತಂಗದ ರೆಕ್ಕೆ ನೋಡಿ ಊರಿನ ಗಾಳಿ ಹೇಳಬಹುದಿತ್ತು ಅಂದರೆ ನೋಡಿ.

ಜೇನುಪೆಟ್ಟಿಗೆ (ಮೈಸೂರು)

ಮೇಡಂ, ಪತಂಗ ಅಷ್ಟು ದೂರದ್ದು ಯಾಕೆ, ನಮ್ಮ ಹೆಜ್ಜೇನಿನ ಕಥೆ ಇದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದವರು ಊರಿನ ಬೇರೆ ಬೇರೆ ಜಾಗಗಳಿಂದ ಹೆಜ್ಜೇನು ಹಿಡಿದು ಹೋಲಿಸಿದರು. 2020ರಲ್ಲಿ ಅದು ಪ್ರಕಟವಾಯಿತು. ಧೂಳು ಹೊಗೆ ಹೆಚ್ಚಿದ್ದ ಜಾಗದಲ್ಲಿ ಹೂವಿಗೆ ಬರುವ ಜೇನೇ ಕಡಿಮೆ. ಹಿಡಿದವುಗಳಲ್ಲಿ 80%ಕ್ಕೂ ಹೆಚ್ಚು ಒಂದು ದಿನದೊಳಗೆ ಸತ್ತವು. ಎದೆಬಡಿತ, ರಕ್ತಕಣ ಎಲ್ಲದರಲ್ಲೂ ವ್ಯತ್ಯಾಸ. ಹೊರಗಿನಿಂದ ನೋಡಿದರೆ ಮಾಮೂಲಿ ಜೇನು, ಹಾರುತ್ತಲೇ ಇತ್ತು.

ಹೊಗೆ ಹೂವಿನ ವಾಸನೆಯನ್ನೂ ಕೆಡಿಸುತ್ತೆ. ಗಾಳಿಯಲ್ಲಿ ಓಝೋನ್ ಇದ್ದರೆ ವಾಸನೆಯ ಕಣ ದಾರಿಯಲ್ಲೇ ಒಡೆದು ಹೋಗುತ್ತೆ, ಜೇನಿಗೆ ಹೂವಿನ ದಾರಿ ಗೊತ್ತಾಗುವುದಿಲ್ಲ. ನನ್ನ ಪೆಟ್ಟಿಗೆಗಳನ್ನು ರಿಂಗ್ ರೋಡ್ ಪಕ್ಕದಿಂದ ತೆಗೆದು ವರುಣಾ ಕಡೆ ಇಟ್ಟ ಮೇಲೆ ತುಪ್ಪ ಜಾಸ್ತಿ ಬಂತು. ಹೂವು ಜಾಸ್ತಿ ಇದ್ದದ್ದಕ್ಕೂ ಇರಬಹುದು, ಪೂರ್ತಿ ಹೊಗೆಯ ತಲೆಗೆ ಕಟ್ಟಲ್ಲ.

ಸುಮ್ನೆ ಓದ್ತೀನಿ

ಓಝೋನ್ ಒಳ್ಳೇದಲ್ವಾ? ಅದರಲ್ಲಿ ತೂತು ಬಿದ್ದಿದೆ ಅಂತ ಶಾಲೆಯಲ್ಲಿ ಹೇಳಿದ್ದರು.

ಕುಕ್ಕರಹಳ್ಳಿ ವಾಕಿಂಗ್

ಮೇಲೆ ಆಕಾಶದಲ್ಲಿದ್ದರೆ ಒಳ್ಳೇದು, ಕೆಳಗೆ ನಮ್ಮ ಮಧ್ಯೆ ಇದ್ದರೆ ಕೆಟ್ಟದ್ದು. ಇದು ಯಾವ ಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ವಾಹನದ ಹೊಗೆ ಬಿಸಿಲಿನಲ್ಲಿ ಬೆಂದು ಆಗುತ್ತೆ. ಬೇಯಲು ಹೊತ್ತು ಬೇಕು. ಅಷ್ಟರಲ್ಲಿ ಗಾಳಿ ಅದನ್ನು ಊರಾಚೆಗೆ ತಂದಿರುತ್ತೆ. ಹಾಗಾಗಿ ಎಷ್ಟೋ ಸಲ ಪೇಟೆಯ ಸರ್ಕಲ್ಲಿಗಿಂತ ಆಚೆಯ ಹೊಲದಲ್ಲಿ ಓಝೋನ್ ಜಾಸ್ತಿ. ಕಾರು ಮೈಸೂರಿನವರದು, ಎಲೆ ನಿಮ್ಮದು.

ಹುರುಳಿಕಾಯಿ, ಸೋಯಾ, ಗೋಧಿಗೆ ಇದು ಬೇಗ ತಾಗುತ್ತೆ. ಬಲಿತ ಎಲೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆ, ಆಮೇಲೆ ಬೇಗ ಹಣ್ಣಾಗಿ ಉದುರುತ್ತೆ. ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ, ದುಡ್ಡು ದಂಡ. ಹೊಗೆಸೊಪ್ಪಿನಲ್ಲಿ ಬೆಲ್-ಡಬ್ಲ್ಯು3 ಅಂತ ಒಂದು ತಳಿ ಇದೆ, ಓಝೋನ್ ತಾಗಿದರೆ ಮೈಯೆಲ್ಲ ಚುಕ್ಕೆ. ಗಾಳಿ ಪರೀಕ್ಷೆಗೆಂದೇ ಅದನ್ನು ಬೆಳೆಸುತ್ತಾರೆ. ಭತ್ತ ಸ್ವಲ್ಪ ಗಟ್ಟಿ, ಆದರೂ ತಪ್ಪಿಸಿಕೊಂಡಿಲ್ಲ. 2005ರ ಒಂದೇ ವರ್ಷದಲ್ಲಿ ದೇಶಕ್ಕೆ ಓಝೋನಿನಿಂದ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ಕೈತಪ್ಪಿತು ಅಂತ ವಿಜ್ಞಾನಿಗಳು 2014ರಲ್ಲಿ ಅಂದಾಜು ಮಾಡಿದರು.

ಆಲೆಮನೆ ಹುಡುಗ (ಮಂಡ್ಯ)

ಎಲ್ಲರೂ ಮುಂದಿನ ಸಾಲಿನಲ್ಲಿ ನಮ್ಮ ಆಲೆಮನೆಗೇ ಬರುತ್ತೀರಿ ಅಂತ ಗೊತ್ತು, ನಾನೇ ಬಂದೆ. ಕಬ್ಬಿನ ಸಿಪ್ಪೆ ಒಣಗಿಸಿ ಉರಿಸಿದರೆ ಅಂಥ ತೊಂದರೆ ಇಲ್ಲ. ಮಳೆಯಲ್ಲಿ ಸಿಪ್ಪೆ ನೆಂದಾಗ ಕೆಲವರು ಹಳೇ ಟೈರು, ಪ್ಲಾಸ್ಟಿಕ್ ಹಾಕುತ್ತಾರೆ. ನಮ್ಮ ತಂದೆಯೂ ಒಂದು ವರ್ಷ ಹಾಕಿದ್ದರು, ಸುಳ್ಳು ಹೇಳಲ್ಲ. ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಗಲು ಹಾಕಿದ್ದೆಲ್ಲ ಮಸಿ ಆಯಿತು ಅಂತ ಬೀದಿಯಲ್ಲಿ ನಿಂತು ಬೈದರು, ಆಮೇಲೆ ಬಿಟ್ಟರು. ಬಟ್ಟೆ ಸರಿ, ದನಕ್ಕೆ ಏನಾಗುತ್ತೆ ಅಂತ ಯಾರೂ ಕೇಳಲಿಲ್ಲ.

ಹುಳುಮನೆ ಅಕ್ಕ

ನಿಜ ಹೇಳಿದ್ದೀಯ ಮಗ, ಸಂತೋಷ. ದನಕ್ಕೆ ಏನಾಗುತ್ತೆ ಅಂದರೆ, ಕೆಲವು ಪ್ಲಾಸ್ಟಿಕ್ ಸುಟ್ಟಾಗ ಡೈಆಕ್ಸಿನ್ ಅಂತ ಒಂದು ವಿಷ ಹುಟ್ಟುತ್ತೆ. ಹುಲ್ಲಿನ ಮೇಲೆ ಕೂರುತ್ತೆ, ಹಸು ಮೇಯುತ್ತೆ, ಕೊಬ್ಬಿನಲ್ಲಿ ಸೇರಿ ಹಾಲಿಗೆ ಬರುತ್ತೆ. 2008ರಲ್ಲಿ ಇಟಲಿಯ ನೇಪಲ್ಸ್ ಕಡೆ ಎಮ್ಮೆ ಹಾಲಿನ ಚೀಸಿನಲ್ಲಿ ಇದು ಸಿಕ್ಕಿ ದೊಡ್ಡ ರಂಪ ಆಗಿತ್ತು. ಫ್ಲೋರೈಡ್ ಕೂಡ ಹಾಗೇ. ಹುಲ್ಲಿನಲ್ಲಿ ಜಾಸ್ತಿ ಇದ್ದರೆ ದನದ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಸವೆಯುತ್ತೆ, ಕಾಲು ಕುಂಟುತ್ತೆ. ಕಡ್ಡಿಸೊಪ್ಪು ತಮ್ಮಾ, ಹುಳು ತಿನ್ನದೆ ಬಿಟ್ಟ ಸೊಪ್ಪನ್ನು ಹಸುವಿಗೆ ಹಾಕುತ್ತಿದ್ದರೆ ಸದ್ಯಕ್ಕೆ ನಿಲ್ಲಿಸು.

ಕಡ್ಡಿಸೊಪ್ಪು

ಅಯ್ಯೋ, ಹಾಕುತ್ತಿದ್ದೆ ಅಕ್ಕ. ಇವತ್ತಿಂದ ಇಲ್ಲ.

ಕೆಂಪುಮಣ್ಣು (ನಾಗಮಂಗಲ)

ಎಲ್ಲರೂ ಎಲೆ, ಹುಳು, ಹಸು ಅಂದಿರಿ. ಕೊನೆಗೆ ಎಲ್ಲ ಬಂದು ಬೀಳುವುದು ಮಣ್ಣಿಗೆ. ಮಣ್ಣು ಪರೀಕ್ಷೆ ಕೆಲಸ ಮಾಡಿದವನು, ಒಂದೆರಡು ಮಾತು.

ಆಮ್ಲ ಮಳೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಶುದ್ಧ ಮಳೆಯ ಪಿಎಚ್ಚೇ 5.6 ಹತ್ತಿರ, ಅದಕ್ಕಿಂತ ಕೆಳಗಿಳಿದರೆ ಆಮ್ಲ ಮಳೆ. ಯುರೋಪು, ಅಮೆರಿಕದಲ್ಲಿ ಅದು ಮಣ್ಣಿನ ಸುಣ್ಣದ ಅಂಶವನ್ನು ತೊಳೆದು ಹಾಕಿತು, ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರು ಸುಟ್ಟಿತು. ನೆದರ್ಲೆಂಡ್ಸಿನ ಕಾಡಿನಲ್ಲಂತೂ ವಿಚಿತ್ರ ಆಯಿತು. ಮಣ್ಣಲ್ಲಿ ಸುಣ್ಣ ಹೋಯಿತು, ಚಿಪ್ಪು ಕಟ್ಟಲಾಗದೆ ಬಸವನಹುಳು ಕಡಿಮೆಯಾಯಿತು. ಅದನ್ನು ತಿಂದು ಸುಣ್ಣ ಪಡೆಯುತ್ತಿದ್ದ ಪುಟ್ಟ ಹಕ್ಕಿಗಳು ತೆಳು ಚಿಪ್ಪಿನ ಮೊಟ್ಟೆ ಇಟ್ಟವು, ಕೆಲವು ಚಿಪ್ಪೇ ಇಲ್ಲದ ಮೊಟ್ಟೆ. ಹೊಗೆ ಎಲ್ಲಿಯದು, ಮೊಟ್ಟೆ ಎಲ್ಲಿಯದು!

ಆದರೆ ಆ ಕಥೆಯನ್ನು ಹಾಗೇ ಮಂಡ್ಯಕ್ಕೆ ತರಬೇಡಿ. ನಮ್ಮ ದೇಶದ ಗಾಳಿಯ ಧೂಳಿನಲ್ಲಿ ಸುಣ್ಣದ ಅಂಶ ಇದೆ, ಅದು ಮಳೆಯ ಹುಳಿಯನ್ನು ಬಹಳಷ್ಟು ಕಡೆ ಮುರಿಯುತ್ತೆ. ನಾಲೆ ಬಯಲಿನ ಮಣ್ಣು ಎಷ್ಟೋ ಕಡೆ ಈಗಾಗಲೇ ಚೌಳು. ನಮ್ಮ ಬಡ ಕೆಂಪು ಮಣ್ಣಿನ ಹೊಲ ಬೇರೆ, ಅದಕ್ಕೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಒಂದೇ ತಾಲ್ಲೂಕಿನಲ್ಲಿ ಎರಡು ಲೆಕ್ಕ.

ನನಗೆ ಭಯ ಇರುವುದು ಸೀಸದ ಬಗ್ಗೆ. ಸೀಸ ಹಾಕಿದ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತಿತು. ಆದರೆ ಮಣ್ಣಿಗೆ ಬಿದ್ದ ಸೀಸ ಜೇಡಿಗೆ, ಗೊಬ್ಬರದಂಶಕ್ಕೆ ಅಂಟಿಕೊಂಡು ಕೂರುತ್ತೆ, ಸುಲಭಕ್ಕೆ ಹೋಗಲ್ಲ. ಹಳೇ ಹೆದ್ದಾರಿ ಅಂಚಿನ ಮಣ್ಣಲ್ಲಿ ಸೊಪ್ಪು ಬೆಳೆಯುವವರು ಒಮ್ಮೆ ಪರೀಕ್ಷೆ ಮಾಡಿಸಿ. ಲೋಹ ಕರಗಿಸುವ ಕಾರ್ಖಾನೆಗಳ ಸುತ್ತ ಕಾಡಿನಲ್ಲಿ ತರಗೆಲೆ ಕೊಳೆಯದೆ ರಾಶಿ ಬಿದ್ದಿರುವುದನ್ನು ನೋಡಿದ್ದಾರೆ. ಕೊಳೆಸುವ ಎರೆಹುಳು, ಬೂಸ್ಟು ಸತ್ತಿರುತ್ತವೆ.

ಇನ್ನು ಕೂಳೆ ಬಿಡುವ ಮುಂಚೆ ಕಬ್ಬಿನ ಸೋಗೆಗೆ ಬೆಂಕಿ ಇಡುವವರಿಗೆ ನಾನು ಏನೂ ಹೇಳಲ್ಲ, ಹೇಳಿ ಹೇಳಿ ಸಾಕಾಗಿದೆ. ಯೂರಿಯಾ ಮೂಟೆಗೆ ಕ್ಯೂ ನಿಲ್ಲುವವರೇ ಸೋಗೆಯ ಸಾರಜನಕವನ್ನು ಹೊಗೆ ಮಾಡಿ ಕಳಿಸುತ್ತಾರೆ.

ಮೂಡಗಾಳಿ

ಆ ಕೊನೇ ಮಾತು ನನಗೇ ಬಿತ್ತು. ಇರಲಿ.

ಕಡ್ಡಿಸೊಪ್ಪು

ಆರು ವಾರ ಆಯಿತು, ಕಾದವರಿಗೆ ಥ್ಯಾಂಕ್ಸ್. ಮೂರು ಪಾಲು ಮಾಡಿ ಮೇಯಿಸಿದೆ. ಎಲ್ಲ ಒಂದೇ ಚಾಕಿ, ಒಂದೇ ಹುಳುಮನೆ, ನೂರು ಮೊಟ್ಟೆ ಲೆಕ್ಕಕ್ಕೆ ಹಾಕಿದರೆ:

ನನ್ನ ಸೊಪ್ಪು ಹಾಗೇ: 46 ಕೆಜಿ.
ನನ್ನದೇ, ತೊಳೆದು ಆರಿಸಿದ್ದು: 53.
ಮಾವನ ಸೊಪ್ಪು: 69.

ಧೂಳೂ ಇದೆ, ಅದಕ್ಕಿಂತ ಜಾಸ್ತಿ ಇನ್ನೇನೋ ಇದೆ. ಮೇಡಂ ಹೇಳಿದ ಹಾಗೆ ರಸ್ತೆ ಅಂಚಿನ ಎರಡು ಸಾಲಿನಲ್ಲಿ ನುಸಿ ತುಂಬಿತ್ತು, ಒಳಗೆ ಅಷ್ಟಿಲ್ಲ. ತೋಟದ ಮೂಡಲ ಅಂಚಿನಲ್ಲಿ ಬಲಿತ ಎಲೆಯ ತುದಿ ಕಂದಿದೆ. ಮೊದಲು ಅದನ್ನು ನೀರು ಸಾಲದೆ ಅಂದುಕೊಂಡಿದ್ದೆ.

ಇಟ್ಟಿಗೆ ಗೂಡಿನವರ ಹತ್ತಿರ ನಾನೇ ಹೋದೆ. ನಮ್ಮ ದೊಡ್ಡಮ್ಮನ ಊರಿನವರೇ, ಜಗಳಕ್ಕೆ ಹೋಗಲಿಲ್ಲ. ಮೂರೂ ಪಾಲಿನ ಗೂಡು ಮೂರು ಪೊಟ್ಟಣ ಮಾಡಿ ಕೊಟ್ಟೆ. ಒಂದೊಂದನ್ನೇ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು. ಅವರೂ ಮೊದಲು ಹುಳು ಸಾಕುತ್ತಿದ್ದವರಂತೆ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಈ ಸಲದ ಮಣ್ಣು ಅಚ್ಚು ಹಾಕಿ ಆಗಿದೆ, ಸುಡಲೇಬೇಕು. ಮಳೆ ಬಂದ ಮೇಲೆ ಕೂತು ಮಾತಾಡೋಣ" ಅಂದರು. ಪೊಟ್ಟಣ ವಾಪಸ್ ಕೊಡಲಿಲ್ಲ.

ನಾಳೆ ಸೊಪ್ಪಿನ ಸ್ಯಾಂಪಲ್ ಫ್ಲೋರೈಡ್ ಪರೀಕ್ಷೆಗೆ ಕೊಡುತ್ತಿದ್ದೇನೆ. ಪ್ಲಾಸ್ಟಿಕ್ ಕವರಾ, ಪೇಪರ್ ಕವರಾ?

ಹುಳುಮನೆ ಅಕ್ಕ

ಪೇಪರ್. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತೆ. ಬಲಿತ ಎಲೆ ಬೇರೆ, ಕುಡಿ ಬೇರೆ. ತೊಳೆದದ್ದು, ತೊಳೆಯದ್ದು ಬೇರೆ ಬೇರೆ. ಮಾವನ ತೋಟದ್ದೂ ಒಂದು ಕಟ್ಟು ತೆಗೆದುಕೊಂಡು ಹೋಗು, ಮರೆಯಬೇಡ. ಕವರ್ ಮೇಲೆ ತಾರೀಖು, ಗಾಳಿ ಯಾವ ಕಡೆಯಿಂದ ಇತ್ತು ಅಂತ ಬರಿ.